ಮೊಂಡುಕತ್ತಿಯ ಹೆಂಡತಿ

ಫೆಬ್ರುವರಿ ೬, ಗುರುವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಲಕ್ವ ಬಲಗೈ ಬಲಗಾಲನ್ನು ಅರ್ಧಕ್ಕೆ ಬಿಟ್ಟು, ಮಾತನ್ನು ಮಾತ್ರ ಪೂರ್ತಿ ಹೊತ್ತುಕೊಂಡು ಹೋಗಿದೆ. ಉಳಿದಿರುವುದು ಒಂದೇ ಒಂದು: "ಆಯ್ತು." ನೀರು ಬೇಕಾ ಎಂದರೆ ಆಯ್ತು. ನೋವಿದೆಯಾ ಎಂದರೆ ಆಯ್ತು. ಮದುವೆಯಾದಂದಿನಿಂದ ನಾನು ಹೇಳಿದ ಒಂದಕ್ಕೂ ಆಯ್ತು ಎನ್ನದ ಮನುಷ್ಯ!

ಸಂಜೆ ಇವರ ಲಿಫ್ಟ್ ಕಂಪನಿಯ ಮೆಕ್ಯಾನಿಕ್‌ಗಳು ನೋಡಲು ಬಂದರು. ಇವರು ಎದುರಿಗೇ ಕೂತಿದ್ದರೂ ನನ್ನನ್ನು ಕೇಳಿದರು, "ಅಣ್ಣ ಊಟ ಮಾಡ್ತಾರಾ? ಅಣ್ಣನಿಗೆ ನಾವು ಗೊತ್ತಾಗ್ತೀವಾ?" ಕೆಟ್ಟು ನಿಂತ ಲಿಫ್ಟಿಗಾದರೂ ಆ ಮೆಕ್ಯಾನಿಕ್‌ಗಳು ಹೆಚ್ಚು ಮರ್ಯಾದೆ ಕೊಡುತ್ತಾರೆ. ಹೋಗುವಾಗ ಎಲ್ಲರೂ ಮುಖವನ್ನು ಸೋರೆಕಾಯಿಯಷ್ಟು ಉದ್ದ ಮಾಡಿಕೊಂಡು, ಮೆಟ್ಟಿಲಿಳಿದ ಕೂಡಲೇ ನಕ್ಕರು. ನನಗೆ ಕೇಳಿಸಿತು.

ಡೈರಿ ಬರೆಯುವ ಚಟ ನನಗಿಲ್ಲ. ಇದು ಮಾತ್ರೆ ಕಂಪನಿಯವರು ಹೊಸ ವರ್ಷಕ್ಕೆ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಹಂಚಿದ್ದು. ಮನೆಯಲ್ಲಿ ಬೈದರೆ ತಿರುಗಿ ಬೈಯುವವರಿಲ್ಲ. ಅದಕ್ಕೇ ಇದರಲ್ಲಿ ಬೈಯುತ್ತೇನೆ.

ಫೆಬ್ರುವರಿ ೯, ಭಾನುವಾರ

ಇವರ ಫೋನು ಗುಂಯ್‌ಗುಡುವುದು ನಿಲ್ಲುವುದೇ ಇಲ್ಲ. ಬಾಯಿ ಮುಚ್ಚಿಸೋಣವೆಂದು ತೆರೆದೆ. ಹುತ್ತಕ್ಕೆ ಕೈ ಹಾಕಿದಂತಾಯಿತು.

ಎಲ್ಲ ಆ ಆಟದ ಕಡೆಯವರು. ಇವರು ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಟಿವಿ ಮುಂದೆ ಕೂತು ಆಡುತ್ತಿದ್ದ 'ಕಡೆಯ ಕಾವಲು'. ಒಬ್ಬ ಕಾವಲುಗಾರ, ಅವನ ಹಿಂದೆ ನಾಲ್ಕು ಜನ. ಊರೂರು ಅಲೆಯುವುದು, ಸಿಕ್ಕವರನ್ನು ಮಾತಾಡಿಸುವುದು, ಸಿಗಬಾರದವರು ಸಿಕ್ಕರೆ ಕಡಿಯುವುದು. 'ಕಡೆಯ' ಎಂದು ಹೆಸರಿಟ್ಟು ಎಂಟು ಭಾಗ ತಂದಿದ್ದಾರೆ, ಈಗ ಒಂಬತ್ತನೆಯದಂತೆ. ಕಡೆ ಎಂದರೆ ಏನೆಂದು ಆ ಕಂಪನಿಗೆ ಯಾರೂ ಕಲಿಸಿಲ್ಲ.

ಅಭಿಮಾನಿಗಳು ಕೂಡುವ ಗುಂಪಿಗೆ 'ಚಾವಡಿ' ಎಂದು ಹೆಸರು. ಅಲ್ಲಿ ಈಗ ಮಹಾಯುದ್ಧ. ಇಷ್ಟು ವರ್ಷ ಆಟದಲ್ಲಿ ಕಾದಾಟ ಸರದಿಯ ಪ್ರಕಾರ ನಡೆಯುತ್ತಿತ್ತು. ನೀನೊಂದು ಏಟು ಹಾಕು, ಆಮೇಲೆ ರಾಕ್ಷಸ ಹಾಕುತ್ತಾನೆ. ನಿನ್ನ ಸರದಿ ಬಂದಾಗ ಎಷ್ಟು ಹೊತ್ತಾದರೂ ಯೋಚಿಸು, ಅವನು ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ, ಪಾಪ. ಒಂಬತ್ತನೇ ಭಾಗದಲ್ಲಿ ಸರದಿ ಕಿತ್ತುಹಾಕಿ, ಓಡುತ್ತಲೇ ಹೊಡೆದಾಡುವಂತೆ ಮಾಡೋಣವೇ ಎಂದು ಕಂಪನಿ ಚಾವಡಿಯವರನ್ನು ಕೇಳಿದೆ. ಏಪ್ರಿಲ್ ಕೊನೆಯೊಳಗೆ ಅಭಿಪ್ರಾಯ ಹೇಳಬೇಕು. ಕೇಳಿದ್ದೇ ತಡ, ಸರದಿಯವರು, ಓಟದವರು ಎಂದು ಎರಡು ಪಂಗಡ. ಮೀಸೆ ನರೆತವರು, ಸಂಬಳ ತರುವವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು ಒಬ್ಬರನ್ನೊಬ್ಬರು ದ್ರೋಹಿ ಎನ್ನುತ್ತಿದ್ದಾರೆ. ಇಂಥವರ ಕೈಗೆ ದೇಶ ಕೊಟ್ಟರೆ ಮಧ್ಯಾಹ್ನದೊಳಗೆ ಹೊತ್ತಿ ಉರಿಯುತ್ತದೆ.

ಹೆಸರುಗಳಾದರೂ ಎಂಥವು! ಓಟದವರ ಮುಖಂಡ 'ಬೆಂಕಿಕೋಳಿ'. ಸರದಿಯವರಲ್ಲಿ ಒಬ್ಬ 'ಬೂದಿಬಾಬು'. ನನ್ನ ಗಂಡ, 'ಮೊಂಡುಕತ್ತಿ'. ಈ ಹೆಸರಿಟ್ಟವರು ಯಾರೋ, ಇವರನ್ನು ಬಲ್ಲವರೇ ಇರಬೇಕು. ಇವರು ಮೊದಲ ಭಾಗದಿಂದ ಆಡುತ್ತಿರುವ ಹಿರಿಯರು. ಸರದಿಯ ಪರ ನಿಲ್ಲದೆ ಇನ್ನೆಲ್ಲಿ ನಿಲ್ಲುತ್ತಾರೆ ಎಂದು ಬೂದಿಬಾಬುವಿನ ಲೆಕ್ಕ. "ಮೊಂಡುಕತ್ತಿ ಎಲ್ಲಿ?" ಎಂದು ಅವನು, "ಹೆದರಿ ಹಾಸಿಗೆ ಕೆಳಗೆ ಕೂತಿರಬೇಕು" ಎಂದು ಬೆಂಕಿಕೋಳಿ.

ಮೈಯೆಲ್ಲ ಉರಿಯಿತು. ಬರೆದೆ: "ಮೊಂಡುಕತ್ತಿಗೆ ಲಕ್ವ ಹೊಡೆದಿದೆ. ಮಾತು ನಿಂತಿದೆ. ನಾನು ಅವರ ಹೆಂಡತಿ. ಇನ್ನು ಮುಂದೆ ಇಲ್ಲಿಗೆ ಬರೆದು ತಲೆ ತಿನ್ನಬೇಡಿ."

ಫೆಬ್ರುವರಿ ೧೦, ಸೋಮವಾರ

ಬರೆಯಬೇಡಿ ಎಂದಿದ್ದಕ್ಕೆ ಊರಿಗೆ ಊರೇ ಬರೆದಿದೆ. ಎಲ್ಲರಿಗೂ ನಾನೀಗ ಅತ್ತಿಗೆ. "ಅತ್ತಿಗೆ, ಧೈರ್ಯವಾಗಿರಿ." "ಅತ್ತಿಗೆ, ಅಣ್ಣನಿಗೆ ಬೆಳ್ಳುಳ್ಳಿ ಕೊಡಿ." ಹುಟ್ಟಿದಾಗಿನಿಂದ ಮೈದುನನನ್ನೇ ಕಾಣದವಳಿಗೆ ಬೆಳಗಾಗುವುದರೊಳಗೆ ಒಂದು ದಂಡು. ಬೆಂಕಿಕೋಳಿ ಕ್ಷಮೆ ಕೇಳಿದ್ದಾನೆ. ಉತ್ತರ ಕೊಡಲಿಲ್ಲ. ಬೆಳ್ಳುಳ್ಳಿಯವನಿಗೆ ಮಾತ್ರ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಮನೆಮದ್ದು ಬೆರೆಸಿದರೆ ಏನಾಗುತ್ತದೆಂದು ಬಿಡಿಸಿ ಬರೆದೆ. ಔಷಧಿ ಅಂಗಡಿಯಲ್ಲಿ ನಿಂತು ನಿಂತು ಕಾಲು ಸವೆದದ್ದು ಇಂಥವರಿಂದಲೇ.

ಫೆಬ್ರುವರಿ ೧೫, ಶನಿವಾರ

ಮಾತು ಕಲಿಸುವ ಡಾಕ್ಟರಮ್ಮ ಬಂದಿದ್ದಳು. ನನ್ನ ಅರ್ಧ ವಯಸ್ಸಿನವಳು, ಹೆಗಲಲ್ಲಿ ಚಿತ್ರದ ಕಾರ್ಡುಗಳ ಚೀಲ. ಲೋಟ, ಬಾಚಣಿಗೆ, ಬೀಗದ ಕೈ. "ಇದೇನು ಹೇಳಿ ಸರ್?" "ಆಯ್ತು." "ಇದು?" "ಆಯ್ತಾಯ್ತು." ಇವರ ಕಣ್ಣಲ್ಲಿ ನೀರು ನಿಂತಿತು. ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಹೊರಡುವಾಗ ಬಾಗಿಲಲ್ಲಿ ಕೇಳಿದಳು, "ಸರ್‌ಗೆ ಯಾವುದರ ಮೇಲೆ ತುಂಬಾ ಸಿಟ್ಟು ಬರುತ್ತೆ?"

"ಏನಿಷ್ಟ ಅಂತ ಕೇಳ್ಬೇಕಲ್ವೇನಮ್ಮಾ?"

"ಇಷ್ಟಕ್ಕೆ ನಕ್ಕು ಸುಮ್ಮನಾಗಿಬಿಡ್ತಾರೆ. ಸಿಟ್ಟು ಬಂದ್ರೆ ಒಂದೊಂದ್ಸಲ ಮಾತು ತಾನಾಗೇ ನುಗ್ಗುತ್ತೆ. ಅಂಥದ್ದೇನಾದ್ರೂ ಇದ್ರೆ ಓದಿ ಹೇಳಿ."

ನಾನು ಇವರ ಫೋನು ನೋಡಿದೆ. ಸಿಟ್ಟು ಬರಿಸಿ ಮಾತು ಕಲಿಸುವ ಈ ಹುಡುಗಿಗೆ ಯಾರು ಸರ್ಟಿಫಿಕೇಟು ಕೊಟ್ಟರೋ.

ಫೆಬ್ರುವರಿ ೧೭, ಸೋಮವಾರ

ಚಾವಡಿಯ ಮಾತುಗಳನ್ನು ಗಟ್ಟಿಯಾಗಿ ಓದಿದೆ. ನನ್ನ ಗಂಟಲಿಗೆ ಇಂಥ ಗತಿ ಬರಬಾರದಿತ್ತು. 'ಆಯುಧ'ಕ್ಕೆ ಒಬ್ಬನೂ ಸರಿಯಾದ ಧಕಾರ ಹಾಕಿಲ್ಲ. ಬೂದಿಬಾಬು ಬರೆಯುತ್ತಾನೆ: "ಸರದಿಯೇ ಈ ಆಟದ ಆತ್ಮ, ಅದು ಹೋದರೆ ಉಳಿಯುವುದು ಹೆಣ." ಆತ್ಮವಂತೆ! ತಿಂಗಳ ಹಿಂದೆ ನಾನು ನಿಜವಾದ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ. ಅಲ್ಲಿ ಯಾರ ಬಾಯಲ್ಲೂ ಇಷ್ಟು ದೊಡ್ಡ ಮಾತು ಬರಲಿಲ್ಲ.

ಇವರು ಕಣ್ಣು ಮುಚ್ಚಿ ಕೇಳಿದರು. ಬೆಂಕಿಕೋಳಿಯ ಪಾಲು ಓದುವಾಗ ಎಡಗೈಯಿಂದ ಕುರ್ಚಿಯ ಕೈ ತಟ್ಟಿದರು. ನಾನು ನಿಲ್ಲಿಸಿದೆ. ಮತ್ತೆ ತಟ್ಟಿದರು. ಮುಂದೆ ಓದು ಎಂದಿರಬೇಕು.

ಮಾರ್ಚ್ ೩, ಸೋಮವಾರ

ಈ ತಿಂಗಳಿಂದ ಅರ್ಧ ದಿನ ಅಂಗಡಿಗೆ ಹೋಗುತ್ತಿದ್ದೇನೆ. ನಾನು ಹೋದಾಗ ನೋಡಿಕೊಳ್ಳಲು ಇವರ ಅಕ್ಕ ಬಂದಿದ್ದಾಳೆ. ಬಂದವಳೇ ಇವರ ಗಲ್ಲ ಹಿಡಿದು, "ಪುಟ್ಟಾ, ನಾನ್ಯಾರು ಹೇಳು ಬಂಗಾರಾ" ಎಂದಳು. ಅರವತ್ತರ ಹತ್ತಿರದ ಪುಟ್ಟ! ಇವರು ಗೋಡೆ ನೋಡಿದರು.

ನಾನು ಚಾವಡಿ ಓದಲು ಕೂತರೆ, ಅತ್ತೆಯಿಂದ ಬಂದ ಮೂಗು ಮುರಿದು ಹೇಳಿದಳು, "ಇಂಥ ಹೊತ್ತಲ್ಲಿ ಹುಡುಗಾಟದ ಮಾತು ಓದ್ತಾರಾ? ಏನಾದ್ರೂ ಒಳ್ಳೇದು ಓದೇ."

"ಅವರಿಗೆ ಹೋಗಿರೋದು ಮಾತು ಅಕ್ಕಾ, ಬುದ್ಧಿ ಅಲ್ಲ."

"ಕತ್ತಿ ಹಿಡ್ಕೊಂಡು ಸರದಿ ಕಾಯೋದು ಬುದ್ಧಿನಾ?"

"ಮತ್ತೆ? ಹೊಡೆದು ಓಡೋದಕ್ಕೆ ಬುದ್ಧಿ ಬೇಕಾ? ಯಾರನ್ನ ಮುಂದೆ ನಿಲ್ಲಿಸ್ಬೇಕು, ಯಾರಿಗೆ ಮದ್ದು ಕೊಡ್ಬೇಕು, ಗುರಾಣಿ ಯಾವಾಗ ಎತ್ಬೇಕು, ಎಲ್ಲಾ ಯೋಚಿಸ್ಬೇಕು. ಚದುರಂಗದ ಹಾಗೆ!"

ಅವಳು ಬಾಯಿ ತೆರೆದುಕೊಂಡು ನೋಡಿದಳು. ಇವರೂ ಗೋಡೆ ಬಿಟ್ಟು ನನ್ನನ್ನು ನೋಡಿದರು. ಏನೂ ತಿಳಿಯದವರಿಗೆ ತಿಳಿಸಿ ಹೇಳುವುದು ನನ್ನ ದುರಭ್ಯಾಸ, ಅಷ್ಟೆ.

ಮಾರ್ಚ್ ೧೧, ಮಂಗಳವಾರ

ಮಾತಾಡಿದರು.

ಬೆಂಕಿಕೋಳಿಯ ಉದ್ದದ ಪುರಾಣ ಓದುತ್ತಿದ್ದೆ. ನಾಲ್ಕನೇ ಭಾಗದಲ್ಲಿ ಸೇತುವೆ ಕಾಯುವ ರಾಕ್ಷಸನನ್ನು ಯಾರೂ ಸರದಿಯಲ್ಲಿ ಗೆದ್ದೇ ಇಲ್ಲ, ಎಲ್ಲರೂ ಲಂಚ ಕೊಟ್ಟೇ ದಾಟಿದ್ದು ಎಂದು ಬರೆದಿದ್ದ. ಕುರ್ಚಿಯಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡೆ.

"ಸುಳ್ಳು."

ಸ್ಪಷ್ಟವಾಗಿ, ಳಕಾರ ಒತ್ತಿ. ನಾನು ಫೋನು ಕೆಳಗಿಟ್ಟೆ. "ಏನಂದ್ರಿ?"

"ಸುಳ್ಳು. ಸುಳ್ಳು!" ಮುಖ ಕೆಂಪಾಗಿತ್ತು. ಎಡಗೈಯನ್ನು ತಮ್ಮ ಎದೆಗೆ ಬಡಿದುಕೊಂಡರು. ಅಂದರೆ, ನಾನು ಗೆದ್ದಿದ್ದೇನೆ ಎಂದು.

ಅಕ್ಕ ಓಡಿ ಬಂದು ಅತ್ತಳು. ಅಳುವುದಕ್ಕೆ ಅವಳಿಗೆ ಕಾರಣವೇ ಬೇಕಿಲ್ಲ. ನಾನು ಅಳಲಿಲ್ಲ. ಚಾವಡಿಗೆ ಬರೆದೆ: "ಮೊಂಡುಕತ್ತಿ ಬಾಯಿ ಬಿಟ್ಟು ಹೇಳಿದ್ದಾರೆ. ಬೆಂಕಿಕೋಳಿ ಹೇಳಿದ್ದು ಸುಳ್ಳು."

ಮಾರ್ಚ್ ೧೨, ಬುಧವಾರ

ಎರಡೂ ಪಂಗಡದವರು ಸೇರಿ ಕುಣಿದಾಡಿದ್ದಾರೆ. ಹಾದಿಯಲ್ಲಿ ಹೋಗುವವರಿಗೆ ನಮ್ಮ ಮನೆಯ ಸಂಭ್ರಮ ಯಾಕೋ. ಬೆಂಕಿಕೋಳಿಯ ಕೊಬ್ಬು ನೋಡಿ: "ಅತ್ತಿಗೆ, ಒಂದು ಸುಳ್ಳಿಗೆ ಒಂದು ಮಾತು ಬರೋದಾದ್ರೆ ನನ್ನ ಹತ್ತಿರ ಸುಳ್ಳಿಗೇನು ಬರವಿಲ್ಲ. ದಿನಾ ಕಳಿಸ್ತೀನಿ."

ಆ ಹುಡುಗನಿಗೆ ಬೇರೆ ಕೆಲಸವಿಲ್ಲವೇ?

ಮಾರ್ಚ್ ೧೯, ಬುಧವಾರ

ಕಳಿಸುತ್ತಲೇ ಇದ್ದಾನೆ. ಒಂದಕ್ಕಿಂತ ಒಂದು ದರಿದ್ರ ಸುಳ್ಳು. ಐದನೇ ಭಾಗದ ರಾಣಿಯನ್ನು ಕೊಂದದ್ದು ಅಡುಗೆಯವನಂತೆ. ಇವರು ಹಲ್ಲು ಕಚ್ಚಿ, ತುಟಿ ಒದ್ದಾಡಿಸಿ, ನಾನು ಗಡಿಯಾರ ನೋಡದೆ ಕೂತ ಮೇಲೆ, "ಸುಳ್ಳು. ಅಡುಗೆ... ಅಲ್ಲ. ತಂಗಿ" ಎಂದರು.

ಡಾಕ್ಟರಮ್ಮನಿಗೆ ಹೇಳಿದೆ. ಕಾರ್ಡುಗಳನ್ನು ಚೀಲಕ್ಕೆ ಹಾಕಿ, "ಹಾಗಾದ್ರೆ ನಾಳೆಯಿಂದ ರಾಣಿ ಬಗ್ಗೆನೇ ಮಾತಾಡೋಣ" ಎಂದಳು. ಪರವಾಗಿಲ್ಲ, ಸ್ವಲ್ಪ ತಲೆಯಿದೆ.

ಮಾರ್ಚ್ ೨೧, ಶುಕ್ರವಾರ

ಟಿವಿ ಮುಂದೆ ಕೂತು ಆಟದ ಕಾವಲುಗಾರನನ್ನು ನಾನೇ ಆಡಿಸಿ ನೋಡಿದೆ. ಬೈಯುವುದಕ್ಕಾದರೂ ಗೊತ್ತಿರಬೇಕಲ್ಲ. ಸೇತುವೆಯ ಬಳಿ ಸತ್ತೆ.

ಮಾರ್ಚ್ ೨೨, ಶನಿವಾರ

ಸತ್ತೆ.

ಮಾರ್ಚ್ ೨೩, ಭಾನುವಾರ

ಸತ್ತೆ. ಇವರು ಪಕ್ಕದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಾರೆ. "ಗುರಾಣಿ... ಗುರಾಣಿ!" ಎತ್ತಿದ್ದೇನಲ್ಲ ಮಹಾರಾಯ! ಮದ್ದು ಯಾರಿಗೆ ಎಷ್ಟು ಕೊಡಬೇಕೆಂದು ನನಗೆ ಹೇಳಿಕೊಡುತ್ತಾರೆ. ಔಷಧಿ ಅಂಗಡಿಯವಳಿಗೆ!

ಮಾರ್ಚ್ ೨೯, ಶನಿವಾರ

ಸೇತುವೆ ದಾಟಿದೆ. ಲಂಚ ಕೊಡದೆ.

ನಡುನಡುವೆ ಇವರೂ ಆಡುತ್ತಾರೆ, ಆಗ ಒಂದು ಕಂಡೆ. ಎರಡು ಕೈಯಲ್ಲಿ ಹಿಡಿಯುವ ಆ ಸಾಧನವನ್ನು ಇವರು ತೊಡೆಯ ಮೇಲಿಟ್ಟು ಎಡಗೈಯಲ್ಲೇ ಒತ್ತುತ್ತಾರೆ. ಬೆರಳು ತಪ್ಪುತ್ತದೆ, ಮತ್ತೆ ಹುಡುಕುತ್ತಾರೆ. ರಾಕ್ಷಸ ಕಾಯುತ್ತಾನೆ. ಲೋಕದಲ್ಲಿ ಇವರಿಗಾಗಿ ಕಾಯುವವರು ಈಗ ಯಾರಿದ್ದಾರೆ? ಬ್ಯಾಂಕಿನಲ್ಲಿ ಗುಮಾಸ್ತ ಇವರು 'ಹೌದು' ಎನ್ನುವುದರೊಳಗೆ ಹಿಂದಿನವರನ್ನು ಕರೆದ. ರಸ್ತೆ ದಾಟುವಾಗ ಹಾರ್ನು. ಸ್ವಂತ ಅಕ್ಕ ಇವರ ಮಾತನ್ನು ಅರ್ಧದಲ್ಲಿ ಕಿತ್ತುಕೊಂಡು ತಾನೇ ಮುಗಿಸುತ್ತಾಳೆ, ಅದೂ ತಪ್ಪಾಗಿ.

ಕೂತು ಕಂಪನಿಗೆ ನಮ್ಮ ಅಭಿಪ್ರಾಯ ಬರೆದೆ. ಚಾವಡಿಯಲ್ಲೂ ಹಾಕಿದೆ. "ಸರದಿ ಇರಲಿ. ಎಲ್ಲರನ್ನೂ ತಳ್ಳಿಕೊಂಡು ಓಡುವುದನ್ನು ಕಲಿಯಲು ನಿಮ್ಮ ಆಟವೇ ಬೇಕಾಗಿಲ್ಲ, ಬೀದಿಗೆ ಬಂದರೆ ಸಾಕು. ಮನುಷ್ಯ ನಿಧಾನಿಸಿದರೆ ಕಾಯುವ ಜಾಗ ಒಂದಾದರೂ ಉಳಿಯಲಿ. ಇದು ಮೊಂಡುಕತ್ತಿಯ ಮಾತೂ ಹೌದು."

ಬೂದಿಬಾಬು ಅದನ್ನು ಚಾವಡಿಯ ತಲೆಬಾಗಿಲಿಗೇ ಅಂಟಿಸಿದ್ದಾನೆ. ನನ್ನ ಹಿಂದೆ ಈಗ ಸರದಿಯವರೆಲ್ಲ. ಕುರಿಮಂದೆ. ಆದರೂ ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಎಂದು ಒಬ್ಬನಾದರೂ ಗಮನಿಸಬಹುದಿತ್ತು.

ಏಪ್ರಿಲ್ ೮, ಮಂಗಳವಾರ

ಬೆಳಿಗ್ಗೆ ಮುಖ ತೊಳೆಯುತ್ತ ನಿಂತಲ್ಲೇ ಫಿಟ್ಸ್ ಬಂತು. ಆಂಬುಲೆನ್ಸು. ಅದೇ ಕಾರಿಡಾರು, ಅದೇ ಬೆಂಚು. ಹೊಸ ಮಾತ್ರೆ ಶುರು ಮಾಡಿದ್ದಾರೆ. ಅದರ ಅಡ್ಡ ಪರಿಣಾಮಗಳೆಲ್ಲ ನನಗೆ ಬಾಯಿಪಾಠ. ಗೊತ್ತಿರದವರು ಪುಣ್ಯವಂತರು.

ಏಪ್ರಿಲ್ ೯, ಬುಧವಾರ

"ನೋವಿದೆಯಾ?"

"ಆಯ್ತು."

ಏಪ್ರಿಲ್ ೧೧, ಶುಕ್ರವಾರ

ಡಾಕ್ಟರು ಹೇಳುತ್ತಾರೆ, ಫಿಟ್ಸ್ ಆದ ಮೇಲೆ ಕೆಲವು ದಿನ ಹೀಗೇ, ಬಂದ ಮಾತು ಮತ್ತೆ ಬರುತ್ತದೆ ಎಂದು. ಹೇಳುವಾಗ ಫೈಲು ನೋಡುತ್ತಿದ್ದರು, ನನ್ನನ್ನಲ್ಲ. ಬಾಗಿಲಲ್ಲಿ ನಿಂತ ಅಕ್ಕ ಪಿಸುಗುಟ್ಟಿದಳು, "ಸಾಕು ಬಿಡೇ. ಅವನು ಜೀವಂತ ಇದ್ದಾನಲ್ಲ, ಅಷ್ಟೇ ನಮ್ಮ ಭಾಗ್ಯ." ಭಾಗ್ಯವಂತೆ. ಎದುರು ಮಾತಾಡದ ಗಂಡನ ಜೊತೆ ಇವಳಾದರೆ ಬಾಳಬಲ್ಲಳು. ನಾನು ಬಾಳಲಾರೆ.

ಚಾವಡಿಗೆ ವಿಷಯ ತಿಳಿಸಿರಲಿಲ್ಲ. ಬೆಂಕಿಕೋಳಿ ಎಂದಿನಂತೆ ಸುಳ್ಳು ಕಳಿಸಿದ್ದ. ಮಂಚದ ಪಕ್ಕ ಕೂತು ಓದಿದೆ. ಪ್ರಯೋಜನವಾಗಲಿಲ್ಲ. ಹಿಂದಿನ ದಿನದ್ದನ್ನೂ ಓದಿದೆ. ಪಕ್ಕದ ಮಂಚದ ರೋಗಿ ಮಾತ್ರ ಎದ್ದು ಕೂತು, "ಆಮೇಲೇನಾಯ್ತು?" ಎಂದು ಕೇಳಿದ.

ಏಪ್ರಿಲ್ ೧೭, ಗುರುವಾರ

ಮನೆಗೆ ಬಂದೆವು. ಮಾತು ತೊಟ್ಟು ತೊಟ್ಟಾಗಿ ಇಳಿಯುತ್ತಿದೆ. ಇವತ್ತು ಅಕ್ಕನಿಗೆ, "ಪುಟ್ಟ... ಅನ್ಬೇಡ" ಎಂದರು. ಅವಳು ಮುನಿಸಿಕೊಂಡು ಊರಿಗೆ ಹೋದಳು. ಒಂದೇ ಮಾತಿನಲ್ಲಿ ಎರಡು ಉಪಕಾರ.

ಏಪ್ರಿಲ್ ೨೬, ಶನಿವಾರ

ಇಂದು ನಡೆದದ್ದನ್ನು ಸಿಟ್ಟಿಳಿಯುವ ಮೊದಲೇ ಬರೆದಿಡುತ್ತೇನೆ.

ಮಧ್ಯಾಹ್ನ ಇವರು ಲವಲವಿಕೆಯಿಂದಿದ್ದರು. ನಾನು ಕಂಪನಿಗೆ ಬರೆದದ್ದನ್ನು ಇನ್ನೂ ಕೇಳಿಸಿರಲಿಲ್ಲ. ಕೇಳಿ ಹೆಮ್ಮೆಪಡಲಿ ಎಂದು ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದೆ.

"ತಪ್ಪು" ಎಂದರು.

"ಏನು ತಪ್ಪು? ಕಾಗುಣಿತಾನಾ?"

"ಎಲ್ಲಾ."

ನಾನು ಕಾದೆ. ಇವರು ಗಾಳಿಯಲ್ಲಿ ಎಡಗೈ ಆಡಿಸುತ್ತ ಮಾತು ಹುಡುಕಿದರು. "ಸರದಿ... ಬೇಜಾರು. ನಂಗೆ. ಆರನೇ ಭಾಗ... ಅಲ್ಲಿಂದಾನೇ. ಅದೇ, ಅದೇ, ಅದೇ. ಬದ್ಲಾಗ್ಲಿ."

ಸಿಡಿಲು ಬಡಿದಂತಾಯಿತು. ನನ್ನ ಪಂಗಡದ ಮೂಲವಿಗ್ರಹವೇ ಓಟದವರ ಕಡೆ! "ರೀ, ತಲೆ ನೆಟ್ಟಗಿದೆಯಾ? ನಿಮ್ಮ ಹೆಸರು ಹಿಡ್ಕೊಂಡು ನಾನು ಊರವರ ಜೊತೆಯೆಲ್ಲಾ ಜಗಳ ಆಡಿದ್ದೀನಿ!"

"ಯಾರು... ಆಡು ಅಂದ್ರು? ಕೇಳಿದ್ಯಾ? ನನ್ನ?"

"ಕೇಳಿದ್ರೆ ಆಯ್ತು ಅಂತಿದ್ರಿ! ಇರೋದು ಒಂದು ಕೈ. ಓಡೋ ಆಟ ಬಂದ್ರೆ ಹೇಗೆ ಆಡ್ತೀರಿ?"

"ಸೋಲ್ತೀನಿ."

"ಏನು?"

"ಸೋಲ್ತೀನಿ! ನನ್ನ ಕೈ ಕುಂಟು ಅಂತ... ಆಟಾನೂ... ಕುಂಟ್ಬೇಕಾ?"

ನಾನು ದನಿ ಏರಿಸಿದೆ. "ಕಾಯೋರು ಇರ್ಲಿ ಅಂತ ಬರೆದ್ರೆ ಅದೂ ತಪ್ಪಾ? ಇಷ್ಟು ದಿನ ನಾನು ಕಾದಿದ್ದು ಏನು ಹಾಗಾದ್ರೆ?"

"ನೀನು..." ಎಂದು ನಿಂತರು. ಮಾತು ಸಿಗದೆ ತೊಡೆ ಗುದ್ದಿಕೊಂಡರು. ನಾನು ಎತ್ತಿಕೊಡಲಿಲ್ಲ. ಎತ್ತಿಕೊಡಲು ಅದೇನೆಂದು ನನಗೂ ಗೊತ್ತಿರಲಿಲ್ಲ. "ನೀನು ಕಾದೆ. ಸಾಕು. ಇನ್ನು ಅಂಗಡಿಗೆ ಹೋಗು. ಇಡೀ ದಿನ. ಕಾಯ್ತಾ ಕೂತ್ರೆ... ನಂಗೆ... ಉಸಿರು ಕಟ್ಟುತ್ತೆ."

"ಬಿದ್ದರೆ?"

"ಬೀಳ್ತೀನಿ!"

"ಬೀಳಿ ಹಾಗಾದ್ರೆ!"

"ಆಗ್ಲಿ!"

ಅಷ್ಟರಲ್ಲಿ ಬಾಗಿಲು ಬಡಿದರು. ಕೆಳಗಿನ ಮನೆಯಾಕೆ, ಕೈಯಲ್ಲಿ ಒದ್ದೆ ಸೌಟು. "ಏನಾಯ್ತಮ್ಮಾ? ಯಾರೋ ಕಿರಿಚಿದ ಹಾಗಾಯ್ತು."

"ಏನಿಲ್ಲ. ನಮ್ಮೆಜಮಾನ್ರು ಜಗಳ ಆಡ್ತಿದ್ದಾರೆ."

ಆಕೆ ನನ್ನ ಮುಖ ನೋಡಿ ಯಾಕೋ ನಕ್ಕು ಇಳಿದುಹೋದಳು. ಬೇರೆಯವರ ಮನೆ ಜಗಳ ಎಂದರೆ ಜನಕ್ಕೆ ಹಬ್ಬ.

ಏಪ್ರಿಲ್ ೨೭, ಭಾನುವಾರ

ಬೆಳಗಿನಿಂದ ಮಾತು ಬಿಟ್ಟಿದ್ದೆ. ಇವರು ತಾವಾಗಿ ಫೋನು ಹಿಡಿದು ಬಂದರು, ಗೋಡೆ ಹಿಡಿದುಕೊಂಡು. "ಬರಿ" ಎಂದರು. ಬಲಗೈ ಬರೆಯುವುದಿಲ್ಲ, ಎಡಗೈಗೆ ಅಕ್ಷರ ಸಿಗುವುದಿಲ್ಲ. ಬರೆದೆ. ಒಂದೊಂದು ಮಾತಿಗೂ ನೆತ್ತಿಯಲ್ಲಿ ಬೆವರು. ನಾನು ನಡುವೆ ಎದ್ದದ್ದು ಒಲೆ ಆರಿಸಲು ಮಾತ್ರ.

"ನಾನು ಮೊಂಡುಕತ್ತಿ. ಮೇಲಿನದು ನನ್ನ ಮಾತಲ್ಲ. ನನ್ನ ಹೆಂಡತಿಯದು. ಅವಳು ಸೇತುವೆ ದಾಟಿದ್ದಾಳೆ, ಅಷ್ಟಕ್ಕೇ ಆಟ ಗೊತ್ತು ಅಂದುಕೊಂಡಿದ್ದಾಳೆ. ಒಂಬತ್ತನೇ ಭಾಗ ಓಡಲಿ. ನಾನು ಹಿಂದೆ ಬರ್ತೀನಿ."

"ಹೆಂಡತಿಯದು ಅಂತ ಇರೋದನ್ನ ತೆಗೀಲಾ?" ಎಂದು ಕೇಳಿದೆ.

"ಬೇಡ."

ಹಾಗೇ ಹಾಕಿದೆ. ಕಂಪನಿಗೂ ಕಳಿಸಿದೆ. ಆಮೇಲೆ ನನಗೆಂದು ಬೇರೆ ಖಾತೆ ತೆರೆದು, ಅದರಲ್ಲಿ ನನ್ನ ಅಭಿಪ್ರಾಯವನ್ನು ಒಂದಕ್ಷರ ಬದಲಿಸದೆ ಮತ್ತೆ ಕೊಟ್ಟೆ, ಮೊಂಡುಕತ್ತಿಯ ಮಾತೂ ಹೌದು ಎಂಬುದೊಂದನ್ನು ಅಳಿಸಿ. ನಾಳೆಯಿಂದ ಇಡೀ ದಿನ ಬರುತ್ತೇನೆಂದು ಅಂಗಡಿಗೆ ಫೋನು ಮಾಡಿದೆ. ಇವರು ಬೀಳುವುದಿದ್ದರೆ ಬೀಳಲಿ. ಕೆಳಗಿನ ಮನೆಯಾಕೆಗೆ ಕಿವಿ ಚುರುಕಾಗಿದೆ.

ಚಾವಡಿ ಗಪ್‌ಚಿಪ್. ಬೂದಿಬಾಬು ಅಂಟಿಸಿದ್ದನ್ನು ಕಿತ್ತುಹಾಕಿ ಕಣ್ಮರೆಯಾಗಿದ್ದಾನೆ, ಹೇಡಿ. ಊಟದ ಹೊತ್ತಿಗೆ ಬೆಂಕಿಕೋಳಿ ನನಗೊಬ್ಬಳಿಗೇ ಬರೆದ: "ಅತ್ತಿಗೆ, ಕೇಳ್ತೀನಿ ಅಂತ ಬೇಜಾರಾಗ್ಬೇಡಿ. ಅದು ನಿಜವಾಗ್ಲೂ ಅಣ್ಣ ಹೇಳಿ ಬರೆಸಿದ್ದಾ? ಅಷ್ಟೂ ಅವರದೇ ಮಾತಾ?"

ಎಂಥ ಪ್ರಶ್ನೆ! ಉತ್ತರಿಸಿದೆ: "ಅಷ್ಟೊಂದು ಮೂರ್ಖತನ ನನ್ನ ತಲೆಯಿಂದ ಬರಲು ಸಾಧ್ಯವೇನಪ್ಪಾ?"